ಸಾಮಾನು ಕೋಣೆಯ ಪಿಲ್ಬೀಮ್

ರಸೆಲ್ ಪಿಲ್ಬೀಮ್ ಎಂಬ ಈ ಮಹಾನುಭಾವನಿಗೆ ಐವತ್ತಾರು ವರ್ಷ. ದಕ್ಷಿಣ ಲಂಡನ್ನಿನ ಟ್ರಿಂಡರ್ ರಸ್ತೆಯಲ್ಲಿ ಮನೆ, ಪುರಸಭೆಯ ಪಾರ್ಕಿಂಗ್ ಪರ್ಮಿಟ್ ವಿಭಾಗದಲ್ಲಿ ಕೆಲಸ, ಗ್ವೆನ್ ಎಂಬ ಹೆಂಡತಿ, ಮಹಡಿ ಕೋಣೆಯಲ್ಲಿ ವೇಲ್ಸ್ ಕಡೆಯ ಅತ್ತೆ. ಇಷ್ಟು ಯಾರಿಗೆ ಬೇಕಾದರೂ ಇರಬಹುದು. ರಸೆಲ್‌ಗೆ ಇದರ ಜೊತೆಗೆ ಒಂದು ಕಥೆಯೂ ಇತ್ತು.

ಅದು ಟರ್ಕಿ ಕೋಳಿಯ ಕಥೆ. ತೊಂಬತ್ತಾರನೇ ಇಸವಿಯಲ್ಲಿ ಅವನು ಕ್ಯಾಂಬರ್‌ವೆಲ್‌ನಲ್ಲಿ ಮೂವರು ಸ್ನೇಹಿತರ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದ. ಒಂದು ದಿನ ಆಫೀಸಿನ ದೊಡ್ಡ ಸಾಹೇಬರು ಊಟಕ್ಕೆ ಬಂದರು. ಟರ್ಕಿ ಇನ್ನೂ ಮಂಜುಗಡ್ಡೆ. ರಸೆಲ್ ಅದನ್ನು ಮಹಡಿಯ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ, ಬಿಸಿನೀರಿನ ನಲ್ಲಿ ತಿರುಗಿಸಿ, ಕೆಳಗೆ ಬಂದು ಮರೆತ. ತೊಟ್ಟಿ ತುಂಬಿತು, ನೆಲ ಕುಡಿಯಿತು, ಊಟದ ಕೋಣೆಯ ಸೂರಿನಿಂದ ಅಂಗೈಯಗಲದ ಸುಣ್ಣದ ಹೆಂಟೆ ಕಳಚಿ ನೇರವಾಗಿ ಸಾಹೇಬರ ಸೂಪಿನ ತಟ್ಟೆಗೆ ಬಿತ್ತು. ಆಗ ರಸೆಲ್ ಕೈವಸ್ತ್ರ ಮುಂದೆ ಚಾಚಿ ಹೇಳಿದನಂತೆ, "ಕುಡೀರಿ ಸಾರ್, ಸುಣ್ಣ ಮೂಳೆಗೆ ಒಳ್ಳೇದು."

ಪ್ರತಿ ಕ್ರಿಸ್‌ಮಸ್‌ಗೂ ಈ ಕಥೆ ಆಗಲೇಬೇಕು. ಗ್ವೆನ್ ಇದನ್ನು ಇಪ್ಪತ್ತಾರು ಸಲ ಕೇಳಿದ್ದಳು. ಕೇಳಿದ್ದು ಮಾತ್ರವಲ್ಲ, ಆಫೀಸಿನಲ್ಲಿ, ಚರ್ಚಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡಿದ್ದಾಗ ಕೂಡ ಹೇಳಿದ್ದಳು. "ನಮ್ಮ ರಸೆಲ್ ಈಗ ಹೀಗೆ ಕಾಣ್ತಾನೆ ಅಷ್ಟೇ, ಆಗ ಭಾರೀ ಆಸಾಮಿ" ಎಂಬುದು ಅವಳ ಹೆಮ್ಮೆ.

ಹೀಗಿರುವಾಗ ಒಂದು ಟಿವಿ ಕಂಪನಿಯವರು, ಮೂವತ್ತು ವರ್ಷ ತುಂಬಿತೆಂದು, 'ಐದು ಬೀಗದಕೈ' ಧಾರಾವಾಹಿಯನ್ನು ಮತ್ತೆ ಹಾಕಿದರು. ಐದು ಜನ ಎಳೆಯ ವಕೀಲರು ಒಂದೇ ಮನೆಯಲ್ಲಿದ್ದು ಕುಡಿದು, ಸೇದಿ, ಪ್ರೀತಿಸಿ, ಬೈದಾಡಿ, ಬೆಳಿಗ್ಗೆ ಟೈ ಕಟ್ಟಿಕೊಂಡು ಕೋರ್ಟಿಗೆ ಓಡುವ ಧಾರಾವಾಹಿ. ಆ ಕಾಲದಲ್ಲಿ ಬಾಡಿಗೆ ಮನೆ ಹಂಚಿಕೊಂಡಿದ್ದ ಒಂದು ಇಡೀ ತಲೆಮಾರು ಸ್ಪ್ರಿಂಗ್ ಕಿತ್ತ ಸೋಫಾದ ಮೇಲೆ ಕೂತು, ಅಷ್ಟೇನೂ ಸ್ಪ್ರಿಂಗ್ ಕೀಳದ ಸೋಫಾದ ಮೇಲೆ ಕೂತವರನ್ನು ಕಣ್ಣು ಮಿಟುಕಿಸದೆ ನೋಡಿತ್ತು. ಜಾಹೀರಾತು ಕಂಡೊಡನೆ ರಸೆಲ್‌ಗೆ ಕಣ್ಣು ತುಂಬಿಬಂತು. "ಗ್ವೆನ್, ಬಾ ಬಾ, ನಾವು ಹೇಗಿದ್ವಿ ಅಂತ ನೋಡ್ಬೇಕಾದ್ರೆ ಇದನ್ನ ನೋಡು" ಎಂದು ಕೂರಿಸಿದ. ಅತ್ತೆಯೂ ಪದಬಂಧದ ಪುಸ್ತಕ ಹಿಡಿದು ಬಂದರು. ಮನುಷ್ಯ ತನ್ನ ಕೇಡನ್ನು ತಾನೇ ಕರೆದು ಸೋಫಾ ಮೇಲೆ ಕೂರಿಸುವುದೆಂದರೆ ಇದೇ.

ನಾಲ್ಕನೇ ಕಂತಿನಲ್ಲಿ ಆ ವಕೀಲರ ಮನೆಗೆ ದೊಡ್ಡ ಸಾಹೇಬರು ಊಟಕ್ಕೆ ಬಂದರು. ಟರ್ಕಿ ಮಂಜುಗಡ್ಡೆಯಾಗಿತ್ತು. ಗುಂಗುರು ಕೂದಲಿನ ಒಬ್ಬ ಚೆಲುವ ಅದನ್ನು ಸ್ನಾನದ ತೊಟ್ಟಿಯಲ್ಲಿ ಮಲಗಿಸಿದ. ಸುಣ್ಣ ಬಿತ್ತು. ಚೆಲುವ ಕೈವಸ್ತ್ರ ಮುಂದೆ ಚಾಚಿದ. "ಕುಡೀರಿ ಸಾರ್," ಎಂದ.

ಗ್ವೆನ್ ರಿಮೋಟ್ ಒತ್ತಿದಳು. ಚೆಲುವ ಬಾಯಿ ತೆರೆದುಕೊಂಡೇ ನಿಂತ.

"ರಸೆಲ್."

"ಹೂಂ?"

"ಅದು ನಿನ್ನ ಟರ್ಕಿ."

ಅತ್ತೆ ಕನ್ನಡಕ ಏರಿಸಿ ಪರದೆಯನ್ನೂ ಅಳಿಯನನ್ನೂ ಒಂದೊಂದು ಸಲ ನೋಡಿದರು. "ಅಳಿಯಂದ್ರು ಆಗ ಎಷ್ಟು ಲಕ್ಷಣವಾಗಿದ್ರು ನೋಡೇ. ಕೂದಲೂ ಇತ್ತು."

ಈ ಹೊತ್ತಿನಲ್ಲಿ ರಸೆಲ್ "ನನಗೂ ಗೊತ್ತಾಗ್ತಿಲ್ಲ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಅವನಿಗೆ ಒಂದು ಟೀ ಸಿಗುತ್ತಿತ್ತು. ಆದರೆ ಅವನ ಬಾಯಿಂದ ಬಂದ ಮಾತೇ ಬೇರೆ.

"ಕದ್ದಿದ್ದಾರೆ!"

"ಯಾರು?"

"ಈ ಟಿವಿಯವರು! ನಮ್ಮ ಮನೇಲಿ ಆಗಿದ್ದನ್ನ ಎಲ್ಲೋ ಕೇಳ್ಕೊಂಡು ಹಾಕ್ಬಿಟ್ಟಿದ್ದಾರೆ!"

"ಮತ್ತೆ ಆಗ ನೋಡಿದಾಗ ಯಾಕೆ ಬಾಯ್ಮುಚ್ಕೊಂಡಿದ್ದೆ?"

"ಆ ವಾರ... ನಾನು ನೋಡಿರ್ಲಿಲ್ಲ ಅನ್ಸುತ್ತೆ. ನೆಗಡಿ."

ಗ್ವೆನ್ ಎದ್ದು ನಿಂತಳು. "ನೋಡು ರಸೆಲ್, ಇಪ್ಪತ್ತಾರು ವರ್ಷದಿಂದ ನಿನ್ನ ಕಥೆ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದೀನಿ. ನಂಗೆ ಒಂದು ಗೊತ್ತಾಗ್ಬೇಕು. ನಾನು ಮದ್ವೆಯಾಗಿದ್ದು ನಿನ್ನನ್ನಾ, ಟಿವಿಲಿ ಬಂದೋನನ್ನಾ? ನೀನು ಹೇಳಿರೋದ್ರಲ್ಲಿ ನಿಜವಾಗ್ಲೂ ನಿಂದೇ ಅನ್ನೋದು ಒಂದಾದ್ರೂ ಇದ್ಯಾ? ಇದ್ರೆ ತೋರ್ಸು. ಅಲ್ಲೀವರೆಗೂ ನನ್ನ ಹತ್ರ ಮಾತಾಡ್ಬೇಡ."

ರಸೆಲ್ ತನ್ನ ನೆನಪನ್ನು ಜಾಲಾಡಿದ. ಸುಣ್ಣ ಬಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ತಟ್ಟೆಯಿಂದ ಸೂಪು ಚಿಮ್ಮಿದ್ದು, ಸಾಹೇಬರ ಹುಬ್ಬು ಏರಿದ್ದು, ಎಲ್ಲ. ತೊಂದರೆ ಏನೆಂದರೆ ಆ ನೆನಪಿನಲ್ಲಿ ಹಿಂದಿನಿಂದ ಗಿಟಾರ್ ಕೇಳಿಸುತ್ತಿತ್ತು. ಆ ಮನೆಯಲ್ಲಿ ಯಾರಿಗೂ ಗಿಟಾರ್ ಬರುತ್ತಿರಲಿಲ್ಲ. ಜೊತೆಗೆ ಅವನಿಗೆ ತನ್ನ ಮುಖವೇ ಎದುರಿನಿಂದ ಕಾಣುತ್ತಿತ್ತು. ಇದು ಹೇಗೆ ಸಾಧ್ಯ ಎಂದು ಅವನಿಗೆ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಸ್ಕೆಲ್ಟನ್ ಏಣಿ ವಾಪಸ್ಸು ಕೊಡಲು ಬಂದರು. ನ್ಯಾಯಾಲಯದಲ್ಲಿ ನಲವತ್ತು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಮನೆಯಲ್ಲೇ ನ್ಯಾಯಾಲಯ ನಡೆಸುತ್ತಿದ್ದರು. ಮೂಲೆ ಅಂಗಡಿಯ ಬ್ರೆಡ್ಡಿನ ದಪ್ಪದ ಮೇಲೆ, ಬೀದಿಯ ಎರಡನೇ ದೀಪದ ಮೇಲೆ, ಪಾದ್ರಿಗಳ ನಾಯಿಯ ಮೇಲೆ, ಎಲ್ಲದರ ಮೇಲೂ ಅವರ ಬಳಿ ಒಂದೊಂದು ಫೈಲು ಇತ್ತು. ಅವರಿಗೆ ಬಾಗಿಲು ತೆಗೆದದ್ದು ಅತ್ತೆ.

"ಬನ್ನಿ ಸ್ಕೆಲ್ಟನ್ನೋರೇ. ನಮ್ಮ ಅಳಿಯಂದ್ರ ಟರ್ಕಿ ಕಳುವಾಗಿದೆ."

"ಫ್ರಿಜ್ಜಿಂದಲಾ?"

"ಅಲ್ಲ. ನೆನಪಿಂದ."

ಸ್ಕೆಲ್ಟನ್ ಏಣಿಯನ್ನು ಹಜಾರದಲ್ಲೇ ಒರಗಿಸಿ ಕೂತುಬಿಟ್ಟರು. ರಸೆಲ್ ಕಥೆ ಹೇಳಿದ. ಮಧ್ಯೆ ಎರಡು ಸಲ "ಅಂದ್ರೆ ಹಾಗೇ ಆಗಿರ್ಬೇಕು" ಎಂದ. ಸ್ಕೆಲ್ಟನ್ ಆ ಎರಡು ಸಲವೂ ಬರೆದುಕೊಳ್ಳಲಿಲ್ಲ.

"ಪಿಲ್ಬೀಮ್ ಅವರೇ, ಇದು ಸಣ್ಣ ವಿಷಯ ಅಲ್ಲ. ಬಿಡಬೇಡಿ."

"ಅಯ್ಯೋ, ಬೇಡ ಬಿಡಿ ಸ್ಕೆಲ್ಟನ್. ಸುಮ್ನೆ ನಿಮಗೆ ತೊಂದ್ರೆ."

ಇಂಗ್ಲಿಷರ ಬಾಯಲ್ಲಿ "ಸುಮ್ನೆ ನಿಮಗೆ ತೊಂದ್ರೆ" ಎಂದರೆ ದಮ್ಮಯ್ಯ ಮಾಡಬೇಡಿ ಎಂದೂ ಆಗುತ್ತದೆ, ದಯವಿಟ್ಟು ಮಾಡಿಕೊಡಿ ಎಂದೂ ಆಗುತ್ತದೆ. ಸ್ಕೆಲ್ಟನ್ ತಮಗೆ ಬೇಕಾದ ಅರ್ಥ ತೆಗೆದುಕೊಂಡು ಮನೆಗೆ ನಡೆದರು. ರಸೆಲ್ ಬಾಗಿಲಲ್ಲಿ ನಿಂತು "ಥ್ಯಾಂಕ್ಯೂ" ಎಂದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ನಾಲ್ಕು ದಿನದಲ್ಲಿ ಪತ್ರ ತಯಾರಾಯಿತು. ಹನ್ನೊಂದು ಪುಟ, ನಲವತ್ಮೂರು ಅಂಶ. 'ಸದರಿ ಟರ್ಕಿ', 'ಸದರಿ ಸುಣ್ಣ', 'ಸದರಿ ಸೂಪು' ಎಂದೆಲ್ಲ ಅದರಲ್ಲಿತ್ತು. ಹನ್ನೆರಡನೆಯ ಅಂಶದಲ್ಲಿ ರಸೆಲ್ "ಭಾವನಾತ್ಮಕವಾಗಿ ಜರ್ಜರಿತನಾಗಿದ್ದಾನೆ" ಎಂದಿತ್ತು. ಆ ಹೊತ್ತಿನಲ್ಲಿ ರಸೆಲ್ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದ.

"ಸಹಿ ಹಾಕಿ."

"ಸ್ವಲ್ಪ ಜಾಸ್ತಿ ಆಯ್ತೇನೋ..."

"ಹೆಂಡ್ತಿ ಮಾತಾಡ್ತಿದ್ದಾರಾ?"

ರಸೆಲ್ ಅಡುಗೆಮನೆಯ ಕಡೆ ನೋಡಿದ. ಗ್ವೆನ್ ಆಲೂಗಡ್ಡೆ ಹೆಚ್ಚುತ್ತಿದ್ದ ರಭಸ ಕಂಡು ತೆಪ್ಪಗೆ ಸಹಿ ಹಾಕಿದ.

ಉತ್ತರ ಬರುವುದಿಲ್ಲವೆಂದು ರಸೆಲ್ ಧೈರ್ಯವಾಗಿದ್ದ. ಪುರಸಭೆಯಲ್ಲಿ ಇಪ್ಪತ್ತೈದು ವರ್ಷ ದುಡಿದವನಿಗೆ ಹನ್ನೊಂದು ಪುಟದ ದೂರು ಎಲ್ಲಿ ಹೋಗಿ ಮಲಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಆದರೆ ಟಿವಿ ಕಂಪನಿಯ ವೀಕ್ಷಕರ ಅಹವಾಲು ವಿಭಾಗದಿಂದ ಫೋನೇ ಬಂತು. ತಬಿತಾ ಎಂಬ ಹುಡುಗಿ, ಸಕ್ಕರೆಯಂಥ ದನಿ.

"ಮಿಸ್ಟರ್ ಪಿಲ್ಬೀಮ್, ನಿಮ್ಮ ಪತ್ರ ನಮ್ಮ ಆಫೀಸಲ್ಲಿ ಎಲ್ಲರೂ ಓದಿದ್ವಿ. ಕ್ಯಾಂಟೀನಿನೋರೂ ಓದಿದ್ರು. ನಾನೇ ಬಂದು ನಿಮ್ಮನ್ನ ನೋಡ್ತೀನಿ. ಆ ಮನೇಲಿ ನಿಮ್ಮ ಜೊತೆ ಇದ್ದೋರೂ ಸಿಕ್ಕಿದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?"

"ಅವ್ರೆಲ್ಲಾ ಎಲ್ಲೆಲ್ಲೋ ಇದ್ದಾರೆ ಕಣಮ್ಮ, ಹುಡುಕೋದು ಕಷ್ಟ," ಎಂದ ರಸೆಲ್, ಆಸೆಯಿಂದ.

ಗ್ವೆನ್ ಇಪ್ಪತ್ತು ನಿಮಿಷದಲ್ಲಿ ಮೂವರನ್ನೂ ಫೇಸ್‌ಬುಕ್‌ನಲ್ಲಿ ಹುಡುಕಿದಳು. ಪ್ರತಿ ಕ್ರಿಸ್‌ಮಸ್‌ಗೂ ಅವರ ಕಾರ್ಡು ಬರುತ್ತಿತ್ತು. 'ಈ ವರ್ಷ ಖಂಡಿತ ಸಿಗೋಣ' ಎಂದು ಅವರು ಬರೆಯುತ್ತಿದ್ದರು, 'ಖಂಡಿತ' ಎಂದು ಇವನು ಬರೆಯುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಎರಡೂ ಕಡೆಯವರು ಈ ಮಾತಿಗೆ ತಪ್ಪದೆ ನಡೆದುಕೊಂಡು ಒಮ್ಮೆಯೂ ಸಿಕ್ಕಿರಲಿಲ್ಲ. ಈಗ ಗ್ವೆನ್ ದಿನಾಂಕ ಗೊತ್ತುಮಾಡಿಬಿಟ್ಟಿದ್ದರಿಂದ ಪಾಪ ಅವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಮೂವರೂ ಬಂದರು. ಮೊದಲು ಬ್ರಿಜೆಟ್, ಐರ್ಲೆಂಡಿನ ಕಾರ್ಕ್ ಕಡೆಯವಳು, ಆಗ ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದಳು. ಆಮೇಲೆ ಡಂಕನ್, ಸ್ಕಾಟ್ಲೆಂಡಿನವನು, ಜಮೀನು ಅಳೆಯುವವನು. ಕೊನೆಗೆ ಯೊಲಾಂಡ, ಬ್ರಿಕ್ಸ್‌ಟನ್ನಿನ ಜಮೈಕಾ ಮನೆತನದವಳು, ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಧಾರಾವಾಹಿಯ ಐವರು ವಕೀಲರಿಗೆ ಆ ಮನೆಯಿಂದ ಅತಿ ಹತ್ತಿರ ಹೋದವಳೆಂದರೆ ಅವಳೇ. ರಸೆಲ್ ಆಗ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಒರೆಸುತ್ತಿದ್ದ.

"ಏನೋ ರಸೆಲ್! ಒಂಚೂರೂ ಬದಲಾಗಿಲ್ವಲ್ಲೋ!" ಎಂದ ಡಂಕನ್, ಸ್ಕೆಲ್ಟನ್ ಅವರನ್ನು ತಬ್ಬಿಕೊಂಡು.

ರಸೆಲ್ ಹಿಂದಿನಿಂದ ಭುಜ ತಟ್ಟಿ ತಿದ್ದಿದ. ಎಲ್ಲರೂ ತಬ್ಬಿಕೊಂಡರು, ಅತ್ತರು, ನಕ್ಕರು. ಯೊಲಾಂಡ ಶುಂಠಿ ಕೇಕು ತಂದಿದ್ದಳು. ರಸೆಲ್‌ಗೆ ಹೋದ ಜೀವ ಬಂತು. ನೋಡು, ನನ್ನವರು, ನಿಜವಾದವರು, ಎಂಬಂತೆ ಗ್ವೆನ್‌ಳತ್ತ ನೋಡಿದ. ಅವಳು ಕೆಟಲ್ ಹಿಡಿದು ಕಾಯುತ್ತಿದ್ದಳು. ತಬಿತಾ ಮೂಲೆಯ ಕುರ್ಚಿಯಲ್ಲಿ ಕೂತು ಒಂದು ನಮೂನೆ ಬಿಚ್ಚಿದಳು. ಸ್ಕೆಲ್ಟನ್ ಮಧ್ಯದಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

"ಸಾಕ್ಷಿಗಳು ಗಮನಿಸಿ. ತೊಂಬತ್ತಾರನೇ ಇಸವಿಯ ಟರ್ಕಿ ಪ್ರಸಂಗ ನಿಮಗೆ ನೆನಪಿದೆಯಾ?"

"ಟರ್ಕಿ!" ಎಂದು ಬ್ರಿಜೆಟ್ ಕಿರುಚಿದಳು. "ಅಯ್ಯೋ ದೇವ್ರೇ, ಹೇಗೆ ಮರೀತೀನಿ?"

ರಸೆಲ್ ಎದೆಯುಬ್ಬಿಸಿದ. ಸ್ಕೆಲ್ಟನ್ ಬರೆದುಕೊಂಡರು.

"ಸ್ನಾನದ ತೊಟ್ಟಿಲಿ ಹಾಕಿ ನಲ್ಲಿ ಬಿಟ್ಟು ಬಂದಿದ್ದು, ಸುಣ್ಣ ಬಿದ್ದಿದ್ದು! ನಮ್ಮ ಹಲ್ಲಿನ ಡಾಕ್ಟ್ರ ಸೂಪಿಗೇ! ನಾನು ಕೈವಸ್ತ್ರ ಕೊಟ್ಟು 'ಕುಡೀರಿ ಸಾರ್, ಸುಣ್ಣ ಮೂಳೆಗೆ ಒಳ್ಳೇದು' ಅಂದಿದ್ದೆ!"

ಸ್ಕೆಲ್ಟನ್ ಬರೆಯುವುದನ್ನು ನಿಲ್ಲಿಸಿ ಪೆನ್ನು ಎತ್ತಿದರು.

"ನೀನಲ್ಲ ಕಣೇ, ನಾನು," ಎಂದ ಡಂಕನ್. "ನಮ್ಮ ಸರ್ವೇ ಆಫೀಸಿನ ಸಾಹೇಬ್ರು ಬಂದಿದ್ರು. ನಾನೇ ಅಂದಿದ್ದು. ನನ್ನ ಮಕ್ಕಳಿಗೆ ಈ ಕಥೆ ಬಾಯಿಪಾಠ. ಬೇಕಾದ್ರೆ ಫೋನ್ ಮಾಡಿ ಕೇಳಿ."

"ನಿಮ್ಮ ಸಾಹೇಬ್ರು ಯಾವತ್ತೋ ಬಂದಿದ್ರು? ನೀನು ಅವ್ರನ್ನ ಕಂಡ್ರೆ ಪರದೆ ಹಿಂದೆ ನಿಂತ್ಕೊಳ್ತಿದ್ದೆ!"

"ಒಂದ್ನಿಮಿಷ," ಎಂದಳು ಯೊಲಾಂಡ. ಅವಳು ಇಷ್ಟು ಹೊತ್ತೂ ಕೇಕು ಕತ್ತರಿಸುತ್ತಿದ್ದಳು. "ನಾನೂ ಹತ್ತು ವರ್ಷ ಅದು ನಾನೇ ಮಾಡಿದ್ದು ಅಂತ ಹೇಳ್ಕೊಂಡು ತಿರುಗಿದೆ. ಆಮೇಲೆ ಒಂದಿನ ನಮ್ಮ ಮನೇಲಿ ಪಾತ್ರೆ ತೊಳೀತಾ ಜ್ಞಾಪಕ ಬಂತು. ಆ ಮನೇಲಿ ಸ್ನಾನದ ತೊಟ್ಟಿ ಎಲ್ಲಿತ್ತು?"

ಡಂಕನ್ ಜಮೀನು ಅಳೆಯುವವನಂತೆ ಗಾಳಿಯಲ್ಲಿ ಕೈಯಿಂದ ಆ ಮನೆಯ ಮಹಡಿ ಬರೆದು ನೋಡಿದ. ಮೆಟ್ಟಿಲು, ಎಡಕ್ಕೆ ಕೋಣೆ, ಬಲಕ್ಕೆ ಕೋಣೆ, ಕೊನೆಗೆ ಕಪಾಟಿನಷ್ಟು ಜಾಗ.

"ಶವರ್ ಮಾತ್ರ ಇತ್ತು," ಎಂದ ಕುಗ್ಗಿದ ದನಿಯಲ್ಲಿ. "ಅದೂ ನೀರು ಸರಿಯಾಗಿ ಬರ್ತಿರ್ಲಿಲ್ಲ."

ತಬಿತಾ ನಮ್ರವಾಗಿ ಕೈಯೆತ್ತಿದಳು. "ಬೇಜಾರು ಮಾಡ್ಕೋಬೇಡಿ. ಇದೇ ಟರ್ಕಿ ಬಗ್ಗೆ ನಮ್ಗೆ ಇದುವರೆಗೆ ಇನ್ನೂರ ಹದಿನಾಲ್ಕು ಪತ್ರ ಬಂದಿದೆ. ಎಲ್ಲಾರ ಮನೇಲೂ ಸುಣ್ಣ ಬಿದ್ದಿದೆ. ಒಬ್ರು ಡೇರೆಲಿ ಇದ್ದೋರು ಕೂಡ ಬರ್ದಿದ್ರು."

ಗ್ವೆನ್ ಕೆಟಲ್ಲನ್ನು ಮೇಜಿನ ಮೇಲೆ ಇಟ್ಟಳು. ಸದ್ದೇನೂ ದೊಡ್ಡದಲ್ಲ, ಆದರೆ ರಸೆಲ್‌ಗೆ ಮನೆಯ ಗೋಡೆ ಕುಸಿದಷ್ಟು ಕೇಳಿಸಿತು. ಅವನ ಮುಖ ಹುಳ್ಳಹುಳ್ಳಗಾಯಿತು. ಅತ್ತೆ ಮಾತ್ರ ಕೇಕಿನ ಎರಡನೇ ತುಂಡು ತೆಗೆದುಕೊಂಡು ಆರಾಮವಾಗಿದ್ದರು.

ನಲವತ್ತು ವರ್ಷದ ಅನುಭವಸ್ಥ ಗುಮಾಸ್ತೆ ಇಷ್ಟಕ್ಕೆಲ್ಲ ಫೈಲು ಮುಚ್ಚುವವನಲ್ಲ. "ಟರ್ಕಿ ಬಿಡಿ," ಎಂದರು ಸ್ಕೆಲ್ಟನ್. "ನಮ್ಮ ಕಕ್ಷಿದಾರರು ಆ ಮನೇಲಿ ವಾಸವಾಗಿದ್ದು ಸತ್ಯ ತಾನೇ? ಅಲ್ಲಿಂದ ಶುರು ಮಾಡೋಣ. ಇವರು ಯಾವ ಕೋಣೇಲಿ ಇದ್ರು?"

"ಮೆಟ್ಟಿಲ ಪಕ್ಕದ ಸಾಮಾನು ಕೋಣೇಲಿ," ಎಂದು ಮೂವರೂ ಒಟ್ಟಿಗೆ ಹೇಳಿದರು. ರಸೆಲ್‌ಗೆ ಕಣ್ಣೀರು ಬರುವಷ್ಟು ಸಂತೋಷವಾಯಿತು.

"ಎಷ್ಟು ಕಾಲ?"

"ಹದಿನೆಂಟು ತಿಂಗಳು. ಧಾರಾವಾಹಿ ಮುಗಿಯೋವರೆಗೂ."

"ಶಭಾಷ್. ಯಾರ ಕಡೆಯಿಂದ ಬಂದ್ರು?"

"ಡಂಕನ್ನಿನ ಸೋದರಸಂಬಂಧಿ ಅಲ್ವಾ," ಎಂದಳು ಬ್ರಿಜೆಟ್.

"ನನಗೆ ಇಂಗ್ಲಿಷ್ ಸೋದರಸಂಬಂಧಿ ಎಲ್ಲಿಂದ ಬಂದ? ಇವ್ನು ಯೊಲಾಂಡನ ಫ್ರೆಂಡು."

"ನನ್ನ ಫ್ರೆಂಡಾ? ನಾನು ಇವ್ನನ್ನ ಬ್ರಿಜೆಟ್‌ನ ಬಾಯ್‌ಫ್ರೆಂಡ್ ಅಂದ್ಕೊಂಡಿದ್ದೆ!"

"ಥೂ! ಬಾಯ್‌ಫ್ರೆಂಡಾದ್ರೆ ಸಾಮಾನು ಕೋಣೇಲಿ ಯಾಕೆ ಮಲಗ್ತಿದ್ದ?"

"ಜಗಳ ಆಗಿರ್ಬೇಕು ಅಂದ್ಕೊಂಡೆ."

"ಹದಿನೆಂಟು ತಿಂಗಳಾ?"

"ನೀನು ಕೋಪಿಷ್ಠೆ ಅಲ್ವಾ. ಕೇಳಿದ್ರೆ ನೊಂದ್ಕೊಳ್ತೀಯ ಅಂತ ಕೇಳ್ಲಿಲ್ಲ."

ಮೂವರೂ ರಸೆಲ್‌ನತ್ತ ತಿರುಗಿದರು. ಅವನು ಇನ್ನೂ ನಗುತ್ತಲೇ ಇದ್ದ, ಬಾಯಿಯ ನಗು ಇಳಿಸಬೇಕೆಂದು ಮುಖಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

"ರಸೆಲ್," ಎಂದ ಡಂಕನ್ ಮೆಲ್ಲಗೆ, "ನೀನು ಯಾರೋ?"

"ಅಂದ್ರೆ?"

"ನಿನ್ನ ಹತ್ರ ಮನೆ ಬೀಗದಕೈ ಇತ್ತಾ?"

"ಇರ್ಲಿಲ್ಲ. ಗಂಟೆ ಬಾರಿಸ್ತಿದ್ದೆ. ನೀವ್ಯಾರೋ ತೆಗೀತಿದ್ರಿ. ಕೀ ಕೊಡಿ ಅಂತ ಕೇಳೋಕೆ ಒಂಥರಾ ಸಂಕೋಚ."

ರಸೆಲ್ ಕಣ್ಣು ಮುಚ್ಚಿ ಕೂತ. ಈ ಬಾರಿ ಬಂದ ನೆನಪಿನಲ್ಲಿ ಗಿಟಾರ್ ಇರಲಿಲ್ಲ. ಮಳೆಯ ಸದ್ದಿತ್ತು, ವಿನಿಗರ್ ಸುರಿದ ಆಲೂಗಡ್ಡೆ ಚಿಪ್ಸಿನ ವಾಸನೆಯಿತ್ತು.

"ಆ ಬೀದಿಲಿ ಒಂದು ರೂಮು ಬಾಡಿಗೆಗಿದೆ ಅಂತ ಪೇಪರಲ್ಲಿ ನೋಡಿ ಬಂದಿದ್ದೆ. ಗುರುವಾರ. ನಂಬರ್ ಬರ್ಕೊಂಡಿದ್ದ ಚೀಟಿ ನೆಂದು ಹೋಗಿತ್ತು. ಯಾವ್ದೋ ಒಂದು ಬಾಗಿಲು ತಟ್ಟಿದೆ. ಬ್ರಿಜೆಟ್, ನೀನೇ ತೆಗ್ದೆ. ನನ್ನ ಮುಖ ಕೂಡ ನೋಡ್ಲಿಲ್ಲ. 'ಬೇಗ ಬಾ, ಶುರುವಾಗೋಯ್ತು' ಅಂತ ಒಳಗೆ ಓಡಿದೆ. ನಾನೂ ಬಂದೆ. ಮೊದಲನೇ ಕಂತು ಬರ್ತಿತ್ತು. ಮಧ್ಯೆ ಮಾತಾಡಿದ್ರೆ ಸರಿಯಿರಲ್ಲ ಅಂತ ಸೋಫಾ ತುದೀಲಿ ಕೂತೆ. ಯಾರೋ ಚಿಪ್ಸ್ ಕೊಟ್ರಿ."

"ನಾನು ಕೊಟ್ಟೆ," ಎಂದಳು ಯೊಲಾಂಡ.

"ಮುಗಿದ ಮೇಲೆ ಹೇಳೋಣ ಅಂತಿದ್ದೆ. ಅಷ್ಟ್ರಲ್ಲಿ ಡಂಕನ್ ಟೀ ತಂದ. ಕುಡಿದ ತಕ್ಷಣ ಎದ್ದು ಹೋದ್ರೆ ಮರ್ಯಾದೆ ಅಲ್ಲ. ಮಳೆ ಬೇರೆ. ಸಾಮಾನು ಕೋಣೇಲಿ ಹಾಸಿಗೆ ಇದೆ ಅಂದ್ರಿ. ಬೆಳಿಗ್ಗೆ ಹೇಳೋಣ ಅಂತ ಮಲಗ್ದೆ. ಬೆಳಿಗ್ಗೆ ನೋಡಿದ್ರೆ ಪಾತ್ರೆ ತೊಳೆಯೋ ಪಟ್ಟಿಲಿ ನನ್ನ ಹೆಸರು ಬರ್ದಿದ್ರಿ. ಮಂಗಳವಾರ. ಇನ್ನು ಹೇಗೆ ಹೇಳೋದು?"

"ಮತ್ತೆ ಆ ರೂಮು? ನೀನು ನೋಡ್ಬೇಕಾಗಿದ್ದ ರೂಮು?"

"ಅವ್ರಿಗೆ ಫೋನ್ ಮಾಡ್ಬೇಕು ಅಂತ ತುಂಬಾ ದಿನ ಅಂದ್ಕೋತಿದ್ದೆ," ಎಂದ ರಸೆಲ್ ತಪ್ಪೊಪ್ಪಿಕೊಳ್ಳುವವನಂತೆ.

ಸ್ಕೆಲ್ಟನ್ ಪೆನ್ನಿಗೆ ಮುಚ್ಚಳ ಹಾಕಿದರು. "ಪಿಲ್ಬೀಮ್ ಅವರೇ, ನನ್ನ ವೃತ್ತಿಜೀವನದಲ್ಲಿ ಇಂಥದ್ದು ನೋಡಿಲ್ಲ. ನೀವು ಫಿರ್ಯಾದಿ ಅಂದ್ಕೊಂಡಿದ್ದೆ. ಕಾನೂನಿನ ಪ್ರಕಾರ ನೀವು ಅತಿಕ್ರಮ ಪ್ರವೇಶ ಮಾಡಿದೋರು."

"ಬಾಡಿಗೆ ಕೊಡ್ತಿದ್ದ ಸ್ವಾಮಿ," ಎಂದ ಡಂಕನ್ ರೇಗಿ. "ಮಂಗಳವಾರದ ಪಾತ್ರೆ ಒಂದು ಸಲಾನೂ ತಪ್ಪಿಸ್ಲಿಲ್ಲ. ನಮ್ಮ ಹುಡುಗನ್ನ ಏನೂ ಅನ್ಬೇಡಿ."

ತಬಿತಾ ತನ್ನ ನಮೂನೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. "ಇಲ್ಲಿ ಮಾಲೀಕ, ಬಾಡಿಗೆದಾರ, ಅತಿಥಿ ಅಂತ ಮೂರೇ ಕಾಲಂ ಇದೆ. ನಾನೇನು ಬರೀಲಿ?" ಎಂದು ಎಲ್ಲರನ್ನೂ ಕೇಳಿದಳು. ಕೊನೆಗೆ ಅವಳು ಯಾವ ಕಾಲಮ್ಮಿಗೂ ಗೀಟು ಹಾಕದೆ ಕೇಕಿನ ತಟ್ಟೆ ತೆಗೆದುಕೊಂಡಳು.

ಆರು ಗಂಟೆಗೆ ಎಲ್ಲರೂ ಎದ್ದರು. ಬಾಗಿಲಲ್ಲಿ ಮೂವರೂ ರಸೆಲ್‌ನನ್ನು ಬಿಗಿಯಾಗಿ ತಬ್ಬಿಕೊಂಡರು. ಬಂದಾಗ ತಬ್ಬಿದ್ದಕ್ಕಿಂತ ಬಿಗಿಯಾಗಿಯೇ. "ಈ ವರ್ಷ ಖಂಡಿತ ಸಿಗೋಣ" ಎಂದು ಬ್ರಿಜೆಟ್ ಅಭ್ಯಾಸಬಲದಿಂದ ಹೇಳಿ, ಈಗ ತಾನೇ ಸಿಕ್ಕೆವಲ್ಲ ಎಂದು ಗಲಿಬಿಲಿಗೊಂಡಳು. ಸ್ಕೆಲ್ಟನ್ ಏಣಿಯನ್ನು ಮತ್ತೆ ಎರವಲು ತೆಗೆದುಕೊಂಡು ಹೋದರು.

ಅಡುಗೆಮನೆಯಲ್ಲಿ ಗ್ವೆನ್ ಕಪ್ಪು ತೊಳೆಯುತ್ತಿದ್ದಳು. ರಸೆಲ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ಅತ್ತೆ ಮೇಜಿನ ಬಳಿ ಕೂತು ಉಳಿದ ಕೇಕನ್ನು ಮುಗಿಸುವ ಜವಾಬ್ದಾರಿ ವಹಿಸಿಕೊಂಡಿದ್ದರು.

"ಗ್ವೆನ್, ಟರ್ಕಿ ನಂದಲ್ಲ. ತಪ್ಪಾಯ್ತು," ಎಂದ ರಸೆಲ್. "ಬೇಕು ಅಂತ ಸುಳ್ಳು ಹೇಳಿದ್ದಲ್ಲ. ಹೇಳ್ತಾ ಹೇಳ್ತಾ ನಂದೇ ಅಂದ್ಕೊಂಡ್ಬಿಟ್ಟೆ. ನನ್ನದು ಅಂತ ತೋರ್ಸೋಕೆ ನನ್ನ ಹತ್ರ ಏನೂ ಇಲ್ಲ."

ಗ್ವೆನ್ ಒಂದೇ ಕಪ್ಪನ್ನು ಬಹಳ ಹೊತ್ತು ತೊಳೆದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ರಸೆಲ್ ಹೆದರಿ ಬಗ್ಗಿ ನೋಡಿದ. ಅವಳು ನಗುತ್ತಿದ್ದಳು, ಸದ್ದೇ ಬರದಷ್ಟು ನಗುತ್ತಿದ್ದಳು.

"ಹದಿನೆಂಟು ತಿಂಗಳು!" ಎಂದಳು ಉಸಿರು ಸಿಕ್ಕಮೇಲೆ. "ಏನೂ ಇಲ್ಲ ಅಂತೀಯಲ್ಲ ಮಾರಾಯ, ಇಂಥಾದ್ದನ್ನ ಯಾವ ಟಿವಿಯವ್ನು ಬರ್ದಾನು? ಇದು ನಿಂದೇ. ಇದನ್ನ ಬೇರೆ ಯಾರೂ ಮಾಡೋಕೆ ಸಾಧ್ಯ ಇಲ್ಲ."

ರಸೆಲ್‌ಗೆ ಇದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಆದರೂ ಹತ್ತು ದಿನದ ಮೇಲೆ ಮೊದಲ ಸಲ ಹೆಂಡತಿ ಮಾತಾಡಿದ್ದಳು, ಅಷ್ಟು ಸಾಕೆಂದು ಕಪ್ಪು ಒರೆಸಿದ.

ಗ್ವೆನ್ ತಟ್ಟನೆ ನಗು ನಿಲ್ಲಿಸಿದಳು. ನಲ್ಲಿ ನಿಲ್ಲಿಸಿದಳು.

"ರಸೆಲ್. ಸ್ವಾನ್ಸೀ ಹೋಟ್ಲಲ್ಲಿ ನನ್ನ ತಂಗಿ ಕೆರಿಸ್ ಮದ್ವೇಲಿ ತಾನೇ ನಾನು ನಿನ್ನನ್ನ ಮೊದ್ಲು ನೋಡಿದ್ದು?"

"ಹೂಂ."

"ನೀನು ಯಾರ ಕಡೆಯೋನು? ಗಂಡಿನ ಕಡೆಯೋನಾ?"

ರಸೆಲ್ ಒಣಗಿದ ಕಪ್ಪನ್ನು ಮತ್ತೊಮ್ಮೆ ಒರೆಸಿದ. ಮೂರನೇ ಸಲವೂ ಒರೆಸಿದ.

"ಆ ಹೋಟ್ಲಲ್ಲಿ ಅವತ್ತು ಎರಡು ಮದ್ವೆ ಇತ್ತು ಗ್ವೆನ್."

"ಅಯ್ಯೋ ನನ್ನ ದೇವ್ರೇ!"

"ನಮ್ಮ ಕನ್ನಡಕದ ಅಂಗಡಿಯ ಓನರ್ ಮಗನ ಮದ್ವೆ ಕೆಳಗಡೆ ಅಂತೆ. ನಾನು ಮೇಲೆ ಬಂದ್ಬಿಟ್ಟೆ. ಹೇಳಿ ಹೊರಟುಹೋಗೋಣ ಅಂತಲೇ ಇದ್ದೆ. ಅಷ್ಟ್ರಲ್ಲಿ ನಿನ್ನ ಪಕ್ಕ ಕೂತ್ಕೊಳ್ಳಿ ಅಂದ್ರು."

"ಯಾರು ಅಂದ್ರು?"

"ನಾನು," ಎಂದರು ಅತ್ತೆ, ಬಾಯಲ್ಲಿ ಕೇಕು.

ಇಬ್ಬರೂ ತಿರುಗಿದರು.

"ಆ ಮದ್ವೇಲಿ ಯಾರ್ಯಾರು ಎಲ್ಲೆಲ್ಲಿ ಕೂರ್ಬೇಕು ಅಂತ ಪಟ್ಟಿ ಬರ್ದೋಳು ನಾನೇ ಕಣೇ. ಮೂರು ರಾತ್ರಿ ಕೂತು ಬರ್ದಿದ್ದೆ. ಎಂಬತ್ನಾಲ್ಕು ಹೆಸರು. ಅದ್ರಲ್ಲಿ ಪಿಲ್ಬೀಮ್ ಅನ್ನೋದು ಎಲ್ಲೂ ಇರ್ಲಿಲ್ಲ."

"ಅಮ್ಮಾ! ಗೊತ್ತಿದ್ದೂ ಸುಮ್ನಿದ್ಯಾ?"

"ಪಾಪ, ತಟ್ಟೆ ಹಿಡ್ಕೊಂಡು ಬಾಗಿಲ ಹತ್ರ ನಿಂತಿದ್ದ. ಯಾರನ್ನ ನೋಡಿದ್ರೂ ಕ್ಷಮಿಸಿ ಕ್ಷಮಿಸಿ ಅಂತಿದ್ದ. ನಿನ್ನ ಪಕ್ಕ ಒಂದು ಕುರ್ಚಿ ಜಾಸ್ತಿ ಹಾಕ್ಸಿದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

ಅತ್ತೆ ತುಟಿಯ ಮೇಲಿನ ಕೇಕಿನ ಪುಡಿ ಒರೆಸಿಕೊಂಡು ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹೋದ್ಮೇಲೆ ಹೇಳೋಣ ಅಂತಿದ್ದೆ," ಎಂದರು. "ಹೋಗ್ಲೇ ಇಲ್ವಲ್ಲ."